ಇನಾಜುಮಾ ಇಲೆವೆನ್: ಸ್ಪೆಷಲ್ ಮೂವ್ ಯಾರಿಗೆ ಕೊಡಬೇಕು, ಯಾವಾಗ ಹೊಡೆಯಬೇಕು

ಇನಾಜುಮಾ ಇಲೆವೆನ್ ಎಂಬ ಫುಟ್‌ಬಾಲ್ ವಿಡಿಯೋ ಗೇಮನ್ನು ಹೊಸದಾಗಿ ಆಡುವವರು ಮೊದಲ ದೊಡ್ಡ ಪಂದ್ಯ ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಚೆಂಡು ಕಾಲಿಗೆ ಸಿಕ್ಕಿತೋ, ಫೈರ್ ಟೊರ್ನಾಡೋದಂಥ ಸ್ಪೆಷಲ್ ಮೂವ್, ಅಂದರೆ ಆಟಗಾರನ ಶಕ್ತಿ ಖರ್ಚುಮಾಡುವ ವಿಶೇಷ ಪಟ್ಟು. ಎದುರಾಳಿ ಹತ್ತಿರ ಬಂದನೋ, ಇನ್ನೊಂದು ಮೂವ್. ಅನಿಮೇಶನ್ ನೋಡೋಕೆ ಚೆನ್ನಾಗಿದೆ, ಅದಕ್ಕೇ ಬೆರಳು ತಡೆಯುವುದಿಲ್ಲ. ಎರಡನೇ ಅರ್ಧ ಶುರುವಾಗುವ ಹೊತ್ತಿಗೆ ಸ್ಟ್ರೈಕರ್ ಬಳಿ ಒಂದು ಮೂವ್‌ಗೂ ಆಗುವಷ್ಟು ಶಕ್ತಿ ಉಳಿದಿರುವುದಿಲ್ಲ. ಎದುರು ತಂಡದ ಗೋಲ್‌ಕೀಪರ್ ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿರುತ್ತಾನೆ.

ಯಾವ ಮೂವ್ ಎಲ್ಲಕ್ಕಿಂತ ಬಲವಾದದ್ದು ಎಂದು ಹುಡುಕುತ್ತಾ ಕೂರುವುದಕ್ಕಿಂತ ಬೇರೆ ಮೂರು ಪ್ರಶ್ನೆ ಕೇಳಿಕೊಂಡರೆ ಲಾಭ ಜಾಸ್ತಿ. ಈ ಮೂವ್ ಯಾರ ಕಾಲಿಗೆ ಹೊಂದುತ್ತೆ? ಎದುರಿಗೆ ಯಾರಿದ್ದಾರೆ? ಈಗಲೇ ಹೊಡೆಯಬೇಕಾ, ಆಮೇಲಾ? ಈ ಲೇಖನ ಪೂರ್ತಿ ಈ ಮೂರರ ಸುತ್ತಲೇ ಇದೆ.

ಸರಣಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಜಪಾನಿನ ಲೆವೆಲ್-5 ಕಂಪನಿ ಮೊದಲ ಆಟವನ್ನು ನಿಂಟೆಂಡೋ ಡಿಎಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಸಾಧನಕ್ಕಾಗಿ 2008ರ ಆಗಸ್ಟ್‌ನಲ್ಲಿ ಹೊರತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅನಿಮೆ (ಜಪಾನಿ ಕಾರ್ಟೂನ್ ಸರಣಿ) ಶುರುವಾಗಿ 2011ರ ಏಪ್ರಿಲ್‌ವರೆಗೆ 127 ಕಂತು ನಡೆಯಿತು. ರೈಮೊನ್ ಎಂಬ ಶಾಲೆಯಲ್ಲಿ ಆಡೋಕೆ ಹನ್ನೊಂದು ಜನ ಕೂಡ ಇಲ್ಲದ ಫುಟ್‌ಬಾಲ್ ಕ್ಲಬ್. ಅದರ ನಾಯಕ, ಗೋಲ್‌ಕೀಪರ್ ಎಂಡೋ ಮಾಮೋರು. ಅವನ ಕೈಗೆ ಸಿಗುವುದು ತಾತ ಬರೆದಿಟ್ಟ ಒಂದು ಹಳೆಯ ನೋಟ್‌ಬುಕ್. ಇಷ್ಟರಿಂದ ಕಥೆ ಹೊರಡುತ್ತದೆ. ಆಟದ ಬಗೆ ಆರ್‌ಪಿಜಿಯದು, ಅಂದರೆ ಪಾತ್ರಗಳನ್ನು ಬೆಳೆಸುತ್ತಾ ಆಡುವುದು. ಊರು ಸುತ್ತಬೇಕು, ಆಟಗಾರರನ್ನು ಸೇರಿಸಿಕೊಳ್ಳಬೇಕು, ಲೆವೆಲ್ ಏರಿಸಬೇಕು. ಮೊದಲ ಆಟದಲ್ಲೇ ಸಾವಿರಕ್ಕೂ ಹೆಚ್ಚು ಆಟಗಾರರು ಇದ್ದಾರೆ. ಯಾರಿಗೆ ಯಾವ ಮೂವ್ ಎಂಬ ಪ್ರಶ್ನೆ ಅಷ್ಟು ದೊಡ್ಡದಾಗುವುದು ಅದಕ್ಕೇ.

ಹೆಸರುಗಳ ಗೊಂದಲ ಮೊದಲು ಬಿಡಿಸಿಕೊಳ್ಳಿ

ನೀವು ಅನಿಮೆಯನ್ನು ಜಪಾನಿ ಭಾಷೆಯಲ್ಲಿ ನೋಡಿ, ಆಟವನ್ನು ಇಂಗ್ಲಿಷ್‌ನಲ್ಲಿ ಆಡಿದರೆ ಒಬ್ಬನೇ ಹುಡುಗ ಎರಡು ಹೆಸರಲ್ಲಿ ಸಿಗುತ್ತಾನೆ. ಎಂಡೋ ಮಾಮೋರು ಇಂಗ್ಲಿಷ್ ಆವೃತ್ತಿಯಲ್ಲಿ ಮಾರ್ಕ್ ಇವಾನ್ಸ್. ಸ್ಟ್ರೈಕರ್ ಗೋಎಂಜಿ ಅಲ್ಲಿ ಆಕ್ಸೆಲ್ ಬ್ಲೇಜ್. ಮಿಡ್‌ಫೀಲ್ಡಿನ ಮೆದುಳು ಕಿದೋ, ಜೂಡ್ ಶಾರ್ಪ್. ವೇಗದ ಕಝೆಮಾರು ನೇಥನ್ ಸ್ವಿಫ್ಟ್, ದಪ್ಪ ಮೈಯ ಡಿಫೆಂಡರ್ ಕಾಬೆಯಾಮಾ ಜ್ಯಾಕ್ ವಾಲ್‌ಸೈಡ್, ಎರಡನೇ ಆಟದಲ್ಲಿ ಸೇರುವ ಫುಬುಕಿ ಶಾನ್ ಫ್ರಾಸ್ಟ್. ಎದುರಾಳಿ ತೇಕೋಕು ಶಾಲೆ ಅಲ್ಲಿ ರಾಯಲ್ ಅಕಾಡೆಮಿ ಆಗಿದೆ. ಮೂವ್‌ಗಳ ಹೆಸರೂ ಹಾಗೇ. ಗಾಡ್ ಹ್ಯಾಂಡ್, ಫೈರ್ ಟೊರ್ನಾಡೋ ಎರಡರಲ್ಲೂ ಒಂದೇ, ಆದರೆ ಜಪಾನಿಯ ಸೇಗಿ ನೋ ತೆಕ್ಕೆನ್ ಇಂಗ್ಲಿಷ್‌ನಲ್ಲಿ ಫಿಸ್ಟ್ ಆಫ್ ಜಸ್ಟಿಸ್. ಅಂತರ್ಜಾಲದಲ್ಲಿ ಯಾವುದಾದರೂ ಮೂವ್ ಹುಡುಕುವಾಗ ಎರಡೂ ಹೆಸರಲ್ಲಿ ಹುಡುಕಿ. ಇಲ್ಲಿ ನಾನು ಜಪಾನಿ ಹೆಸರುಗಳನ್ನೇ ಬಳಸುತ್ತೇನೆ.

ಯಾವ ಆಟದಿಂದ ಶುರುಮಾಡುವುದು? ಮೊದಲ ಮೂರು ಆಟಗಳಲ್ಲಿ ಮೂವ್‌ಗಳ ತಳಪಾಯ ಕಲಿಯೋಕೆ ಸುಲಭ. ಡಿಎಸ್ ಕಾರ್ಟ್ರಿಜ್‌ಗಳಿಗೆ ದೇಶದ ನಿರ್ಬಂಧ ಇಲ್ಲ. ಹಾಗಾಗಿ ಯುರೋಪಿನಲ್ಲಿ ಮಾರಿದ, ಮೊದಲ ಎರಡು ಆಟಗಳ ಇಂಗ್ಲಿಷ್ ಡಿಎಸ್ ಕಾರ್ಟ್ರಿಜ್ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಯಾವ ಡಿಎಸ್‌ನಲ್ಲಾದರೂ ಓಡುತ್ತದೆ. ಮೂರನೇ ಆಟ ಇಂಗ್ಲಿಷ್‌ನಲ್ಲಿ ಬಂದದ್ದು ಡಿಎಸ್‌ನ ಮುಂದಿನ ಸಾಧನವಾದ 3ಡಿಎಸ್‌ಗೆ. 3ಡಿಎಸ್ ಆಟಗಳಿಗೆ ಮಾತ್ರ ಈ ಅನುಕೂಲ ಇಲ್ಲ, ಕೊಳ್ಳುವ ಮುಂಚೆ ನಿಮ್ಮ ಸಾಧನ ಯಾವ ಪ್ರದೇಶದ್ದು ಎಂದು ನೋಡಿಕೊಳ್ಳಿ. 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದೆ, ಅಲ್ಲಿ ಹೊಸದಾಗಿ ಕೊಳ್ಳಲು ಆಗುವುದಿಲ್ಲ. ಇವೆಲ್ಲ ರಗಳೆ ಬೇಡ ಎನ್ನುವವರಿಗೆ 2025ರ ನವೆಂಬರ್‌ನಲ್ಲಿ ಬಂದ ವಿಕ್ಟರಿ ರೋಡ್ ಇದೆ. ಅದು ಪಿಸಿಯಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಮೂಲಕವೂ ಸಿಗುತ್ತದೆ. ಅದರ ನಿಯಮ ಸ್ವಲ್ಪ ಬೇರೆ. ಕೊನೆಯಲ್ಲಿ ಹೇಳುತ್ತೇನೆ.

ನಾಲ್ಕು ಬಗೆ, ನಾಲ್ಕು ಕೆಲಸ

ಮೂವ್‌ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಗೋಲಿಗೆ ಹೊಡೆಯುವ ಶಾಟ್. ಎದುರಾಳಿಯನ್ನು ದಾಟಿ ಹೋಗುವ ಡ್ರಿಬಲ್. ಚೆಂಡು ಕಸಿಯುವ ಬ್ಲಾಕ್. ಗೋಲ್‌ಕೀಪರ್ ಹಿಡಿಯುವ ಕ್ಯಾಚ್. ಇವಲ್ಲದೆ ತಾನಾಗಿಯೇ ಕೆಲಸ ಮಾಡುವ ಸ್ಕಿಲ್‌ಗಳೂ ಇವೆ, ಸದ್ಯಕ್ಕೆ ಅವನ್ನು ಬಿಡಿ.

ಹೊಸಬರು ಶಾಟ್ ಬೆನ್ನು ಹತ್ತುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಸರಿಮಾಡಬೇಕಾದದ್ದು ಡ್ರಿಬಲ್ ಮತ್ತು ಬ್ಲಾಕ್. ಚೆಂಡು ನಿಮ್ಮ ಬಳಿ ಇಲ್ಲದಿದ್ದರೆ ಎಷ್ಟು ದೊಡ್ಡ ಶಾಟ್ ಇದ್ದೂ ಏನು ಪ್ರಯೋಜನ? ಕಝೆಮಾರುವಿನ ಶಿಪ್ಪೂ ಡ್ಯಾಶ್ ನೋಡಿ. ತೆರೆಯ ಮೇಲೆ ಅಬ್ಬರ ಏನೂ ಇಲ್ಲ, ಹುಡುಗ ಗಾಳಿಯ ಹಾಗೆ ಪಕ್ಕದಲ್ಲಿ ಹಾದುಹೋಗುತ್ತಾನೆ ಅಷ್ಟೇ. ಆದರೆ ಡಿಫೆನ್ಸ್‌ನಿಂದ ಮಿಡ್‌ಫೀಲ್ಡ್‌ಗೆ ಚೆಂಡು ತಲುಪಿಸುವ ಕೆಲಸ ನಡೆಯುವುದೇ ಇಂಥ ಸಣ್ಣ ಮೂವ್‌ಗಳಿಂದ. ಹಾಗೆಯೇ ಕಾಬೆಯಾಮಾನ ದ ವಾಲ್. ಅವನ ಬೆನ್ನ ಹಿಂದೆ ಬಂಡೆಯ ಗೋಡೆ ಏಳುತ್ತದೆ, ಎದುರಾಳಿ ಡಿಕ್ಕಿ ಹೊಡೆದು ಬೀಳುತ್ತಾನೆ, ಚೆಂಡು ನಿಮ್ಮದು.

ಬ್ಲಾಕ್ ಮೂವ್ ಆರಿಸುವಾಗ ಫೌಲ್ ಬಗ್ಗೆ ಎಚ್ಚರ ಇರಲಿ. ಡಿಫೆಂಡರ್ ದೊಮೊನ್ ಬಳಸುವ ಕಿಲ್ಲರ್ ಸ್ಲೈಡ್ ಆಟದ ಶುರುವಿನಲ್ಲೇ ಸಿಗುತ್ತದೆ, ಕೆಲಸಕ್ಕೂ ಬರುತ್ತದೆ. ಆದರೆ ಕೆಲವು ಸಲ ರೆಫರಿ ಸೀಟಿ ಊದುತ್ತಾನೆ. ನಿಮ್ಮ ಗೋಲ್ ಹತ್ತಿರ ಅದನ್ನು ಬಳಸದೆ ಇರುವುದು ಒಳ್ಳೆಯದು. ಮೈದಾನದ ನಡುವೆ ಆದರೆ ಪರವಾಗಿಲ್ಲ.

ಗಾಳಿ, ಕಾಡು, ಬೆಂಕಿ, ಬೆಟ್ಟ

ಪಂದ್ಯ ತಿರುಗುವುದು ಇಲ್ಲಿ. ಪ್ರತಿ ಆಟಗಾರನಿಗೂ ಒಂದು ಎಲಿಮೆಂಟ್, ಪ್ರತಿ ಮೂವ್‌ಗೂ ಒಂದು ಎಲಿಮೆಂಟ್. ಒಟ್ಟು ನಾಲ್ಕು: ಗಾಳಿ, ಕಾಡು, ಬೆಂಕಿ, ಬೆಟ್ಟ. 16ನೇ ಶತಮಾನದ ಜಪಾನಿ ಸೇನಾಪತಿ ತಾಕೆದಾ ಶಿಂಗೆನ್‌ನ ಬಾವುಟದ ಮೇಲೆ ಇದ್ದದ್ದೂ ಇವೇ ನಾಲ್ಕು. ಗಾಳಿಯಂತೆ ವೇಗ, ಕಾಡಿನಂತೆ ಮೌನ, ಬೆಂಕಿಯಂತೆ ದಾಳಿ, ಬೆಟ್ಟದಂತೆ ಅಲುಗಾಡದೆ ನಿಲ್ಲುವುದು. ಚೀನಾದ ಸುನ್ ತ್ಸು ಬರೆದ ಯುದ್ಧಶಾಸ್ತ್ರದಿಂದ ಶಿಂಗೆನ್ ಇದನ್ನು ತೆಗೆದುಕೊಂಡಿದ್ದ. ಜಪಾನಿನಲ್ಲಿ ಇದು ಪರಿಚಿತ ಸಾಲು.

ನೀವು ಹೀಗೆ ನೆನಪಿಟ್ಟುಕೊಳ್ಳಿ. ಬೆಂಕಿ ಕಾಡನ್ನು ಸುಡುತ್ತದೆ. ಕಾಡು ಗಾಳಿಯನ್ನು ತಡೆಯುತ್ತದೆ. ಗಾಳಿ ಬೆಟ್ಟವನ್ನು ಸವೆಸುತ್ತದೆ. ಬೆಟ್ಟದ ಮಣ್ಣು ಬೆಂಕಿಯನ್ನು ಆರಿಸುತ್ತದೆ. ಯಾವುದು ಯಾವುದನ್ನು ಗೆಲ್ಲುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಈಗ ಇದನ್ನು ಮೂವ್‌ಗೆ ಹೊಂದಿಸೋಣ. ಆಟಗಾರನ ಎಲಿಮೆಂಟೂ ಮೂವ್‌ನ ಎಲಿಮೆಂಟೂ ಒಂದೇ ಆಗಿದ್ದರೆ ಮೂವ್‌ಗೆ ಹೆಚ್ಚುವರಿ ಬಲ ಬರುತ್ತದೆ. ಗೋಎಂಜಿ ಬೆಂಕಿ, ಫೈರ್ ಟೊರ್ನಾಡೋ ಬೆಂಕಿ. ಎಂಡೋ ಬೆಟ್ಟ, ಗಾಡ್ ಹ್ಯಾಂಡ್ ಬೆಟ್ಟ. ಇನ್ನೊಬ್ಬ ಸ್ಟ್ರೈಕರ್ ಸೊಮೆಓಕಾ ಕಾಡು, ಅವನ ಡ್ರ್ಯಾಗನ್ ಕ್ರ್ಯಾಶ್ ಕೂಡ ಕಾಡು. ಕಥೆಯ ಮುಖ್ಯ ಹುಡುಗರಿಗೆ ಅವರದೇ ಮೂವ್‌ಗಳು ಇಷ್ಟು ಚೆನ್ನಾಗಿ ಕೂರುವುದಕ್ಕೆ ಇದೇ ಕಾರಣ. ಬೆಂಕಿಯ ಶಾಟನ್ನು ಗಾಳಿಯ ಹುಡುಗನಿಗೆ ಕಲಿಸಿದರೆ ಅವನು ಹೊಡೆಯುತ್ತಾನೆ, ಆದರೆ ಆ ಹೆಚ್ಚುವರಿ ಬಲ ಸಿಗುವುದಿಲ್ಲ.

ಇನ್ನೊಂದು ಕಡೆ ಎದುರಾಳಿ. ಬೆಂಕಿಯ ಶಾಟ್ ಬೆಟ್ಟದ ಕೀಪರ್ ಮುಂದೆ ಸೊರಗುತ್ತದೆ. ಅದೇ ಕೀಪರ್ ಮುಂದೆ ಫುಬುಕಿಯ ಎಟರ್ನಲ್ ಬ್ಲಿಝಾರ್ಡ್ ಹಾಕಿ ನೋಡಿ. ಅದು ಗಾಳಿ, ಫುಬುಕಿಯೂ ಗಾಳಿ. ಎರಡು ಲಾಭ ಒಟ್ಟಿಗೆ ಸಿಗುತ್ತದೆ. ಹಾಗಾಗಿ ನಿಮ್ಮ ಮುಂಚೂಣಿಯಲ್ಲಿ ಒಂದೇ ಎಲಿಮೆಂಟಿನ ಇಬ್ಬರು ಸ್ಟ್ರೈಕರ್ ಇಟ್ಟುಕೊಳ್ಳಬೇಡಿ. ಒಬ್ಬ ಬೆಂಕಿ, ಇನ್ನೊಬ್ಬ ಗಾಳಿ ಇದ್ದರೆ ಬೆಟ್ಟದ ಕೀಪರ್ ಬಂದರೂ, ಕಾಡಿನ ಕೀಪರ್ ಬಂದರೂ ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ.

ಪಂದ್ಯ ಶುರುವಾದ ಮೇಲೆ ಮೊದಲು ಮಾಡಬೇಕಾದ ಕೆಲಸ, ಎದುರು ಕೀಪರ್‌ನ ಎಲಿಮೆಂಟ್ ನೋಡುವುದು. ಆಮೇಲೆ ಮಿಕ್ಕಿದ್ದು.

ಟಿಪಿ ಎಣಿಸುವುದು

ಪ್ರತಿ ಆಟಗಾರನಿಗೆ ಎರಡು ಅಳತೆ ಇರುತ್ತವೆ. ಒಂದು ಎಫ್‌ಪಿ, ಅಂದರೆ ಮೈಯ ತ್ರಾಣ. ಓಡಿದ ಹಾಗೆ, ಎದುರಾಳಿ ಜೊತೆ ಸೆಣಸಿದ ಹಾಗೆ ಅದು ಇಳಿಯುತ್ತದೆ. ಪೂರಾ ಖಾಲಿ ಆದರೆ ಹುಡುಗ ಕುಂಟುತ್ತಾ ಓಡುತ್ತಾನೆ. ಇನ್ನೊಂದು ಟಿಪಿ. ಮೂವ್ ಮಾಡಿದಾಗೆಲ್ಲ ಇದು ಖರ್ಚಾಗುತ್ತದೆ. ಬಲವಾದ ಮೂವ್‌ಗೆ ಜಾಸ್ತಿ ಟಿಪಿ, ಸಣ್ಣದಕ್ಕೆ ಕಡಿಮೆ.

ಟಿಪಿಯನ್ನು ತಿಂಗಳ ಸಂಬಳದ ಹಾಗೆ ನೋಡಿ. ಮೊದಲ ವಾರದಲ್ಲೇ ಮುಗಿಸಿದರೆ ಮಿಕ್ಕ ಮೂರು ವಾರ ಕಷ್ಟ. ಉದಾಹರಣೆಗೆ ಒಬ್ಬ ಸ್ಟ್ರೈಕರ್ ಬಳಿ 100 ಟಿಪಿ ಇದೆ, ಅವನ ಶಾಟ್‌ಗೆ 40 ಬೇಕು ಎಂದಿಟ್ಟುಕೊಳ್ಳಿ. ಅಂದರೆ ಇಡೀ ಪಂದ್ಯಕ್ಕೆ ಎರಡೇ ಶಾಟ್. ಮಿಕ್ಕ 20 ಟಿಪಿಯಲ್ಲಿ ಒಂದು ಸಣ್ಣ ಡ್ರಿಬಲ್ ಆದೀತು. ಅವನೇ ಮೈದಾನದ ನಡುವೆ ಡ್ರಿಬಲ್ ಮೂವ್ ಮಾಡುತ್ತಾ ಟಿಪಿ ಕಳೆದರೆ ಎರಡನೇ ಶಾಟ್ ಇಲ್ಲ. ಪಂದ್ಯಕ್ಕೆ ಮುಂಚೆ ನಿಮ್ಮ ಮುಖ್ಯ ಆಟಗಾರರಿಗೆ ಈ ಭಾಗಾಕಾರ ಮಾಡಿನೋಡಿ. ಗೋಎಂಜಿಗೆ ಎಷ್ಟು ಶಾಟ್, ಎಂಡೋಗೆ ಎಷ್ಟು ಕ್ಯಾಚ್. ಮನಸ್ಸಲ್ಲೇ ಆಗುತ್ತೆ.

ಎಂಡೋನ ವಿಷಯ ಇನ್ನೂ ಸೂಕ್ಷ್ಮ. ಕೀಪರ್ ಟಿಪಿ ಮುಗಿದರೆ ಎದುರಾಳಿಯ ಮುಂದಿನ ಸ್ಪೆಷಲ್ ಶಾಟ್ ಗೋಲೇ. ಅವನಿಗೆ ಕಡಿಮೆ ಖರ್ಚಿನ ಒಂದು, ದೊಡ್ಡ ಖರ್ಚಿನ ಒಂದು ಕ್ಯಾಚ್ ಇರಲಿ. ನೆಕ್ಕೆತ್ಸು ಪಂಚ್ ಕಡಿಮೆ ಖರ್ಚಿನದು, ಆದರೆ ಗುದ್ದಿದ ಚೆಂಡು ಕೈಯಲ್ಲಿ ಉಳಿಯದೆ ಆಚೆ ಹಾರುತ್ತದೆ. ಅದು ಮತ್ತೆ ಎದುರಾಳಿ ಕಾಲಿಗೇ ಬೀಳಬಹುದು. ಗಾಡ್ ಹ್ಯಾಂಡ್ ಆದರೆ ಚೆಂಡು ಅಂಗೈಯಲ್ಲೇ ನಿಲ್ಲುತ್ತದೆ, ಕೂಡಲೇ ಪಾಸ್ ಕೊಟ್ಟು ಎದುರುದಾಳಿ ಮಾಡಬಹುದು. ಎದುರಾಳಿಯ ಸಾದಾ ಒದೆತಕ್ಕೆ ಯಾವ ಮೂವೂ ಬೇಡ. ಅವನ ಸಣ್ಣ ಶಾಟ್‌ಗೆ ಪಂಚ್, ಮುಖ್ಯ ಸ್ಟ್ರೈಕರ್‌ನ ಶಾಟ್‌ಗೆ ಗಾಡ್ ಹ್ಯಾಂಡ್. ಈ ಶಿಸ್ತು ಒಂದೇ ಎಷ್ಟೋ ಪಂದ್ಯ ಉಳಿಸುತ್ತದೆ.

ಮೂವ್ ಸಿಗುವ ದಾರಿಗಳು

ಮೂವ್ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಲೆವೆಲ್ ಏರಿದಾಗ ಆಟಗಾರ ತನ್ನದೇ ಮೂವ್ ಕಲಿಯುತ್ತಾನೆ. ಇಲ್ಲವೇ ಮೂವ್ ಕಲಿಸುವ ಪುಸ್ತಕ ಕೊಟ್ಟರೆ ಕಲಿಯುತ್ತಾನೆ. ಪುಸ್ತಕಗಳು ಅಂಗಡಿಯಲ್ಲಿ ಸಿಗುತ್ತವೆ, ಅಲ್ಲಲ್ಲಿ ಪೆಟ್ಟಿಗೆಯಲ್ಲಿ ಇರುತ್ತವೆ, ಕೆಲವು ಎದುರಾಳಿಗಳನ್ನು ಸೋಲಿಸಿದಾಗ ಬರುತ್ತವೆ. ಆಟದಲ್ಲಿ ಎರಡು ಬಗೆಯ ಪಾಯಿಂಟ್ ಇದೆ. ಅಂಗಡಿಯ ವಸ್ತುಗಳಿಗೆ ಒಂದು, ಹೊಸ ಆಟಗಾರರನ್ನು ಕರೆತರುವುದಕ್ಕೆ ಸ್ನೇಹದ ಪಾಯಿಂಟ್ ಅಂತ ಇನ್ನೊಂದು. ಎರಡೂ ಪಂದ್ಯಗಳಿಂದಲೇ ಬರುತ್ತವೆ, ಹಾಗಾಗಿ ದಾರಿಯಲ್ಲಿ ಸಿಗುವ ನಾಲ್ಕು ಜನರ ಸಣ್ಣ ಪಂದ್ಯಗಳನ್ನು ತಪ್ಪಿಸಿಕೊಂಡು ಓಡಬೇಡಿ.

ಪುಸ್ತಕ ಕೈಗೆ ಬಂದ ಕೂಡಲೇ ಅಚ್ಚುಮೆಚ್ಚಿನ ಹುಡುಗನಿಗೆ ಕೊಟ್ಟುಬಿಡುವ ಆಸೆ ಆಗುತ್ತೆ, ಅಲ್ವಾ? ಸ್ವಲ್ಪ ತಡೆಯಿರಿ. ಒಬ್ಬನಿಗೆ ಇಷ್ಟೇ ಮೂವ್ ಅಂತ ಮಿತಿ ಇದೆ. ಮೂರು ವಿಷಯ ನೋಡಿ. ಎಲಿಮೆಂಟ್ ಹೊಂದುತ್ತಾ? ಆ ಮೂವ್ ಅವನ ಜಾಗಕ್ಕೆ ಬೇಕಾ? ಅವನ ಟಿಪಿಗೆ ಅದು ಭಾರವಾಗುತ್ತಾ? ಜೊತೆಗೆ ಅಂಕಿಗಳ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಕಿಕ್ ಕಡಿಮೆ ಇರುವವನ ಕಾಲಲ್ಲಿ ದೊಡ್ಡ ಶಾಟ್ ಕೂಡ ಮೆತ್ತಗಾಗುತ್ತದೆ. ಗಾರ್ಡ್ ಕಡಿಮೆ ಇರುವವನಿಗೆ ಕ್ಯಾಚ್ ಪುಸ್ತಕ ಕೊಟ್ಟರೆ ಪುಸ್ತಕ ಸುಮ್ನೆ ಹಾಳು.

ಕಲಿಕೆಯನ್ನು ಅನಿಮೆ ತೋರಿಸುವ ರೀತಿ ನನಗೆ ತುಂಬಾ ಇಷ್ಟ. ಎಂಡೋನ ತಾತ ದೈಸುಕೆಯ ಅಕ್ಷರ ಎಷ್ಟು ಕೆಟ್ಟದ್ದೆಂದರೆ ಮೊಮ್ಮಗನ ಬಿಟ್ಟು ಬೇರೆ ಯಾರಿಗೂ ಓದಲು ಬರುವುದಿಲ್ಲ. ಆ ನೋಟ್‌ಬುಕ್ಕಿನ ಪಾಠವೂ ವಿಚಿತ್ರ. ಸೇಗಿ ನೋ ತೆಕ್ಕೆನ್ ಬಗ್ಗೆ ತಾತ ಬರೆದಿರುವುದು ಇಷ್ಟೇ: ಅಂಗೈ ಬಿಚ್ಚಬೇಡ, ಗಟ್ಟಿಯಾಗಿ ಮುಷ್ಟಿ ಕಟ್ಟು, ಆಮೇಲೆ ದಾನ್, ಗ್ಯೂನ್, ದೊಕಾನ್! ಬರೀ ಸದ್ದುಗಳು. ಅದನ್ನು ಓದಿ ಎಂಡೋ ಗೊಂದಲಪಡುತ್ತಾನೆ, ಕಾಲು ಊರುತ್ತಾನೆ, ಮೈ ತಿರುಗಿಸುತ್ತಾನೆ, ಬೀಳುತ್ತಾನೆ, ಮತ್ತೆ ಏಳುತ್ತಾನೆ. ಮರಕ್ಕೆ ಕಟ್ಟಿದ ಟಯರನ್ನು ತಳ್ಳಿ, ಅದು ಹಿಂದಕ್ಕೆ ಬೀಸಿ ಬಂದಾಗ ಎದೆಯೊಡ್ಡಿ ತಡೆಯುತ್ತಾನೆ. ಕೊನೆಗೆ ಆ ಸದ್ದುಗಳ ಅರ್ಥ ಅವನ ಮೈಗೇ ಹೊಳೆಯುತ್ತದೆ. ಗಾಡ್ ಹ್ಯಾಂಡ್ ಬಿಚ್ಚಿದ ಅಂಗೈಯಾದರೆ ಇದು ಮುಚ್ಚಿದ ಮುಷ್ಟಿ, ಚಿನ್ನದ ಬಣ್ಣದ ದೊಡ್ಡ ಮುಷ್ಟಿ ಚೆಂಡನ್ನು ಗುದ್ದಿ ಕಳಿಸುತ್ತದೆ.

ಪಂದ್ಯದೊಳಗೆ

ಡಿಎಸ್‌ನಲ್ಲಿ ಸ್ಟೈಲಸ್‌ನಿಂದ ಗೆರೆ ಎಳೆದು ಆಟಗಾರರನ್ನು ಓಡಿಸುತ್ತೀರಿ, ತಟ್ಟಿ ಪಾಸ್ ಕೊಡುತ್ತೀರಿ. ಇಬ್ಬರು ಎದುರುಬದುರಾದಾಗ ಆಟ ನಿಂತು ಎರಡು ಸಾದಾ ಆಯ್ಕೆ ಬರುತ್ತವೆ, ಜೊತೆಗೆ ಮೂವ್ ಬಳಸುವ ಅವಕಾಶ. ಇಲ್ಲಿ ಅವಸರ ಬೇಡ. ಎದುರಿಗಿರುವವನು ನಿಮಗಿಂತ ದುರ್ಬಲ ಅನ್ನಿಸಿದರೆ ಸಾದಾ ಆಯ್ಕೆಯೇ ಸಾಕು. ಸೋತರೂ ಮೈದಾನದ ನಡುವೆ ಸೋತರೆ ದೊಡ್ಡ ನಷ್ಟ ಇಲ್ಲ. ಇನ್ನೂ ಒಳ್ಳೆಯದು ಏನೆಂದರೆ, ಎದುರಾಳಿ ಬಳಿ ಬರುವ ಮುಂಚೆಯೇ ಪಾಸ್ ಕೊಟ್ಟುಬಿಡುವುದು. ಪಾಸ್‌ಗೆ ಟಿಪಿ ಖರ್ಚಿಲ್ಲ.

ಮೂವ್ ಬಳಸಲೇಬೇಕಾದ ಜಾಗಗಳು ಎರಡೇ. ನಿಮ್ಮ ಗೋಲ್ ಮುಂದೆ ಎದುರಾಳಿಯ ಮುಖ್ಯ ಸ್ಟ್ರೈಕರ್ ಚೆಂಡು ಹಿಡಿದು ಬಂದಾಗ. ಮತ್ತೆ ಅವರ ಪೆನಾಲ್ಟಿ ಜಾಗದ ಅಂಚಿನಲ್ಲಿ ಒಬ್ಬ ಡಿಫೆಂಡರ್ ದಾಟಿದರೆ ಗೋಲ್ ಕಾಣುತ್ತದೆ ಎಂದಾಗ. ನಡುವಿನ ಮೈದಾನದಲ್ಲಿ ಹಿಡಿತ ಬಿಗಿಯಾಗಿರಲಿ.

ಶಾಟ್ ಹೊಡೆಯುವಾಗ ಹತ್ತಿರ ಹೋಗಿ. ದೂರದಿಂದ ಹೊಡೆದ ಚೆಂಡಿನ ಬಲ ದಾರಿಯಲ್ಲೇ ಇಳಿಯುತ್ತದೆ. ಎರಡನೇ ಆಟದಿಂದ ಈಚೆಗೆ ಲಾಂಗ್ ಶಾಟ್ ಗುಣ ಇರುವ ಮೂವ್‌ಗಳು ಬಂದಿವೆ, ಅವನ್ನು ಮಾತ್ರ ದೂರದಿಂದ ಹೊಡೆಯಬಹುದು. ಅದೇ ಆಟದಿಂದ ಶಾಟ್ ಚೈನ್ ಕೂಡ ಬಂತು. ಒಬ್ಬ ಹೊಡೆದ ಶಾಟ್ ಹೋಗುವ ದಾರಿಯಲ್ಲಿ ನಿಮ್ಮವನೇ ಇನ್ನೊಬ್ಬ ನಿಂತಿದ್ದು, ಅವನ ಬಳಿ ಚೈನ್ ಗುಣದ ಶಾಟ್ ಇದ್ದರೆ, ಅವನು ಅದಕ್ಕೆ ಇನ್ನೊಂದು ಒದೆ ಸೇರಿಸುತ್ತಾನೆ. ಎರಡರ ಬಲವೂ ಕೂಡುತ್ತದೆ. ಇದಕ್ಕೆ ಮೊದಲೇ ತಯಾರಿ ಬೇಕು. ಎರಡನೆಯವನನ್ನು ಗೆರೆ ಎಳೆದು ಗೋಲ್ ಮುಂದಕ್ಕೆ ಕಳಿಸಿ, ಅವನು ತಲುಪಿದ ಮೇಲೆ ಹೊಡೆಯಿರಿ. ಅವನು ಹೊಡೆಯುವವನಿಗೂ ಗೋಲಿಗೂ ನಡುವಿನ ನೇರ ಗೆರೆಯಲ್ಲೇ ನಿಂತಿರಬೇಕು. ಒಂದು ಹೆಜ್ಜೆ ಆಚೀಚೆ ಆದರೂ ಚೆಂಡು ಪಕ್ಕದಿಂದ ಹೋಗಿಬಿಡುತ್ತದೆ.

ಎದುರಾಳಿಯೂ ಸುಮ್ಮನೆ ಕೂರುವುದಿಲ್ಲ. ಕೆಲವು ಬ್ಲಾಕ್ ಮೂವ್‌ಗಳಿಗೆ ಶಾಟನ್ನೇ ಅಡ್ಡಗಟ್ಟುವ ಗುಣ ಇದೆ. ದಾರಿಯಲ್ಲಿ ಅಂಥ ಡಿಫೆಂಡರ್ ಇದ್ದರೆ ಚೆಂಡು ಕೀಪರ್ ತಲುಪುವ ಹೊತ್ತಿಗೆ ಅರ್ಧ ಸೊರಗಿರುತ್ತದೆ. ಅವನನ್ನು ಪಕ್ಕಕ್ಕೆ ಎಳೆಯೋಕೆ ಮೈದಾನದ ಅಂಚಿನ ಕಡೆಯಿಂದ ಒಬ್ಬನನ್ನು ಓಡಿಸಿ.

ಗಟ್ಟಿ ಕೀಪರ್ ಇರುವ ತಂಡದ ವಿರುದ್ಧ ಒಂದು ಉಪಾಯ ಇದೆ. ಮೊದಲ ಅರ್ಧದಲ್ಲಿ ಕಡಿಮೆ ಖರ್ಚಿನ ಶಾಟ್‌ಗಳನ್ನೇ ಹೊಡೆಯುತ್ತಿರಿ. ಗೋಲ್ ಆಗದಿದ್ದರೂ ಪ್ರತಿ ಸಲ ಅವನು ಕ್ಯಾಚ್ ಮೂವ್ ಬಳಸಿದರೆ ಅವನ ಟಿಪಿ ಕರಗುತ್ತದೆ. ನಿಮ್ಮ ದೊಡ್ಡ ಶಾಟನ್ನು ಎರಡನೇ ಅರ್ಧಕ್ಕೆ ಇಟ್ಟುಕೊಳ್ಳಿ. ಆಗ ಅವನು ಬರಿಗೈಯಲ್ಲಿ ಹಿಡಿಯಬೇಕಾಗುತ್ತದೆ.

ಜೊತೆಯಾಗಿ ಹೊಡೆಯುವ ಮೂವ್‌ಗಳು

ಈ ಸರಣಿಯ ಜೀವ ಇರುವುದು ಇಲ್ಲಿ ಎಂದು ನಾನು ನಂಬುತ್ತೇನೆ. ಸೊಮೆಓಕಾ ಡ್ರ್ಯಾಗನ್ ಕ್ರ್ಯಾಶ್ ಮೇಲಕ್ಕೆ ಒದೆಯುತ್ತಾನೆ, ಗಾಳಿಯಲ್ಲಿ ಗೋಎಂಜಿ ಅದಕ್ಕೆ ಫೈರ್ ಟೊರ್ನಾಡೋ ಸೇರಿಸುತ್ತಾನೆ. ಹುಟ್ಟುವುದು ಡ್ರ್ಯಾಗನ್ ಟೊರ್ನಾಡೋ. ಎಂಡೋ ಮತ್ತು ಗೋಎಂಜಿ ಒಟ್ಟಿಗೆ ಒದ್ದರೆ ಇನಾಜುಮಾ ಇಚಿಗೋ. ಕಿದೋ ಸೇರಿ ಮೂವರಾದರೆ ಇನಾಜುಮಾ ಬ್ರೇಕ್. ಮೂವರು ಸೇರಿ ಗೋಲ್ ಕಾಯುವ ಸೆನ್‌ಬಾಯಾಮಾ ತಂಡದ ಮುಗೆನ್ ನೋ ಕಾಬೆಯನ್ನು ಮುರಿದದ್ದು ಅದೇ.

ಇವುಗಳಲ್ಲಿ ಇನಾಜುಮಾ ಓತೋಶಿಯ ಕಥೆ ಕೇಳಿ. ಎತ್ತರಕ್ಕೆ ಹಾರಿ ಆಡುವ ನೋಸೆ ತಂಡದ ವಿರುದ್ಧ ಅವರಿಗಿಂತ ಎತ್ತರ ಹೋಗಬೇಕಿತ್ತು. ಉಪಾಯ ಸರಳ. ಇಬ್ಬರೂ ಹಾರುವುದು, ಗಾಳಿಯಲ್ಲಿ ಗೋಎಂಜಿ ಕಾಬೆಯಾಮಾನ ಮೈಮೇಲೆ ಕಾಲಿಟ್ಟು ಇನ್ನೂ ಮೇಲಕ್ಕೆ ಚಿಮ್ಮುವುದು. ತೊಂದರೆ ಏನೆಂದರೆ ಕಾಬೆಯಾಮಾಗೆ ಎತ್ತರ ಎಂದರೆ ಭಯ. ಕೆಳಗೆ ನೋಡಿದರೆ ಮೈ ನಡುಗುತ್ತದೆ. ಅಭ್ಯಾಸದಲ್ಲಿ ಮತ್ತೆ ಮತ್ತೆ ತಪ್ಪುತ್ತದೆ. ಪಂದ್ಯದಲ್ಲಿ ಅವನು ಕೊನೆಗೆ ಬೆನ್ನು ನೆಲದ ಕಡೆ, ಹೊಟ್ಟೆ ಆಕಾಶದ ಕಡೆ ಮಾಡಿ ಹಾರುತ್ತಾನೆ. ಈಗ ನೆಲ ಕಾಣುವುದಿಲ್ಲ. ಗೋಎಂಜಿ ಅವನ ದೊಡ್ಡ ಹೊಟ್ಟೆಯ ಮೇಲೆ ಕಾಲೂರಿ ಚಿಮ್ಮುತ್ತಾನೆ. ಹೆದರುವ ಹುಡುಗ ಹೆದರಿಕೆ ಬಿಡದೆಯೇ ಮಾಡಬಹುದಾದ ಮೂವ್ ಅದು. ಆ ಕಂತನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರ ಆಗಿಲ್ಲ.

ಆಟದಲ್ಲಿ ಇಂಥ ಮೂವ್ ಬಳಸಬೇಕಾದರೆ ಜೊತೆಗಾರ ಮೈದಾನದಲ್ಲಿ ಇರಲೇಬೇಕು. ಬೆಂಚಿನಲ್ಲಿ ಕೂತಿದ್ದರೆ ಆಗುವುದಿಲ್ಲ. ತಂಡ ಕಟ್ಟುವಾಗ ಇದನ್ನು ಮರೆಯಬೇಡಿ. ಕಾಬೆಯಾಮಾನನ್ನು ಬದಲಿಸಿದ ಮೇಲೆ ಇನಾಜುಮಾ ಓತೋಶಿ ನೆನಪಾದರೆ ಪ್ರಯೋಜನ ಇಲ್ಲ.

ಕಥೆಯಲ್ಲಿ ಬರುವ ನಿಷಿದ್ಧ ಮೂವ್‌ಗಳ ಬಗ್ಗೆಯೂ ಇಲ್ಲೇ ಹೇಳಬೇಕು. ಕೋತೇ ಪೆಂಗ್ವಿನ್ ನಂಬರ್ 1 ಒಬ್ಬನೇ ಹೊಡೆಯುವ ಶಾಟ್. ಸೀಟಿ ಹೊಡೆದರೆ ನೆಲದಿಂದ ಕೆಂಪು ಪೆಂಗ್ವಿನ್‌ಗಳು ಎದ್ದು ಬಂದು ಕಾಲನ್ನು ಕಚ್ಚಿಕೊಳ್ಳುತ್ತವೆ. ಬಲ ಅಪಾರ, ಆದರೆ ಹೊಡೆದವನ ಮೈ ಹರಿದುಹೋಗುವಷ್ಟು ನೋವು. ಅದಕ್ಕೇ ತೇಕೋಕುವಿನಲ್ಲಿ ಅದನ್ನು ನಿಷೇಧಿಸಿ, ಭಾರವನ್ನು ಮೂವರು ಹಂಚಿಕೊಳ್ಳುವ ನಂಬರ್ 2 ಬಳಸುತ್ತಿದ್ದರು. ಎರಡನೇ ಸೀಸನ್‌ನಲ್ಲಿ ಶಿನ್ ತೇಕೋಕು ಎಂಬ ತಂಡಕ್ಕಾಗಿ ತೇಕೋಕುವಿನ ಹಳೆಯ ಆಟಗಾರ ಸಕುಮಾ ಮತ್ತೆ ನಂಬರ್ 1 ಹೊಡೆಯುತ್ತಾನೆ. ಒಂದೇ ಪಂದ್ಯದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬೇಡ ಎಂದು ಕಿದೋ ಬೇಡಿಕೊಂಡರೂ ಕೇಳುವುದಿಲ್ಲ. ಕೊನೆಗೆ ಮೈದಾನದಲ್ಲೇ ಕುಸಿಯುತ್ತಾನೆ. ಮನೆಯಲ್ಲಿ ಚಿಕ್ಕ ಮಕ್ಕಳು ನೋಡುತ್ತಿದ್ದರೆ ಈ ಕಂತುಗಳನ್ನು ಜೊತೆಗೆ ಕೂತು ನೋಡಿ. ಮಕ್ಕಳು ಅಂಗಳದಲ್ಲಿ ಗೆಳೆಯನ ಹೊಟ್ಟೆ ಮೇಲೆ ಹತ್ತಿ ಹಾರಲು ಹೋಗದಂತೆಯೂ ಒಂದು ಮಾತು ಹೇಳಿ. ಅನಿಮೆಯಲ್ಲಿ ಬರುವ ಟಯರ್, ಓಟ, ಪಾಸ್ ಅಭ್ಯಾಸ ಮಾಡಿದರೆ ಸಾಕು.

ಬಳಸಿದಷ್ಟೂ ಬೆಳೆಯುವುದು

ಮೂವ್‌ಗಳು ಬೆಳೆಯುತ್ತವೆ. ಹೆಸರಿನ ಜೊತೆ ಬರುವ ಗುರುತುಗಳಿಂದ ಇದು ಗೊತ್ತಾಗುತ್ತದೆ. ಕೆಲವು ಮೂವ್‌ಗಳಿಗೆ ಕಾಯ್, ಶಿನ್ ಎಂಬ ಗುರುತು. ಕೆಲವಕ್ಕೆ ವಿ2, ವಿ3. ಇನ್ನು ಕೆಲವಕ್ಕೆ ಜಿ2ರಿಂದ ಜಿ5ರವರೆಗೆ. ಎಷ್ಟು ಸಲ ಬಳಸಿದಿರಿ ಎಂಬುದರ ಮೇಲೆ ಬೆಳವಣಿಗೆ ನಿಂತಿದೆ. ಅನಿಮೆಯಲ್ಲಿ ಸೇಗಿ ನೋ ತೆಕ್ಕೆನ್ ಮೊದಲು ಎದುರಾಳಿಗಳ ಮುಂದೆ ಸೋಲುತ್ತದೆ, ಆಮೇಲೆ ಜಿ2, ಜಿ3 ಅಂತ ಮೇಲೇರುತ್ತದೆ.

ಹಾಗಾದರೆ ಟಿಪಿ ಉಳಿಸಬೇಕಾ, ಬಳಸಿ ಬೆಳೆಸಬೇಕಾ? ಎರಡೂ ಮಾಡಬಹುದು. ದೊಡ್ಡ ಪಂದ್ಯದಲ್ಲಿ ಉಳಿಸಿ. ಸುಲಭದ ಪಂದ್ಯಗಳಲ್ಲಿ, ಗೆಲುವು ಖಚಿತವಾದ ಮೇಲೆ, ಬೆಳೆಸಬೇಕೆಂದಿರುವ ಮೂವನ್ನು ಧಾರಾಳವಾಗಿ ಬಳಸಿ. ಹತ್ತಾರು ಮೂವ್‌ಗಳನ್ನು ಒಟ್ಟಿಗೆ ಬೆಳೆಸಲು ಹೋಗಬೇಡಿ. ನಿಮ್ಮ ಕೀಪರ್‌ನ ಒಂದು ಕ್ಯಾಚ್, ಇಬ್ಬರು ಸ್ಟ್ರೈಕರ್‌ಗಳ ಒಂದೊಂದು ಶಾಟ್, ನಂಬಿಕೆಯ ಒಬ್ಬ ಡಿಫೆಂಡರ್‌ನ ಬ್ಲಾಕ್. ಮೊದಲು ಇಷ್ಟನ್ನೇ ಹಿಡಿದುಕೊಳ್ಳಿ.

ಮುಂದಿನ ಆಟಗಳಿಗೆ ಹೋಗುವವರಿಗೆ

2011ರಲ್ಲಿ ಶುರುವಾದ ಗೋ ಸರಣಿಯಲ್ಲಿ ಕೆಶಿನ್ ಬರುತ್ತದೆ. ಆಟಗಾರನ ಬೆನ್ನ ಹಿಂದೆ ಏಳುವ ಭಾರೀ ಆಕೃತಿ. ಕಥಾನಾಯಕ ಮಾತ್ಸುಕಾಝೆ ತೆನ್ಮಾನದು ಮಾಜಿನ್ ಪೆಗಾಸಸ್, ಸ್ಟ್ರೈಕರ್ ತ್ಸುರುಗಿಯದು ಲ್ಯಾನ್ಸೆಲಾಟ್. ಕೆಶಿನ್ ಸಿಕ್ಕಿತೆಂದು ಸಾದಾ ಮೂವ್‌ಗಳನ್ನು ಕೈಬಿಡಬೇಡಿ. ತೆನ್ಮಾನ ಸೊಯೊಕಾಝೆ ಸ್ಟೆಪ್ ಎಂಬ ಮೆಲುಗಾಳಿಯಂಥ ಡ್ರಿಬಲ್ ಆಟದ ಕೊನೆಯವರೆಗೂ ಕೆಲಸಕ್ಕೆ ಬರುತ್ತದೆ.

ವಿಕ್ಟರಿ ರೋಡ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮೂವ್‌ಗೆ ಬೇಕಾಗುವುದು ಟೆನ್ಶನ್. ಅದು ಇಡೀ ತಂಡಕ್ಕೆ ಸೇರಿದ್ದು, ಆಟ ಆಡುತ್ತಾ ಹೋದಂತೆ ತುಂಬುತ್ತದೆ. ಒಬ್ಬ ಡಿಫೆಂಡರ್ ಸುಮ್ನೆ ಒಂದು ಮೂವ್ ಮಾಡಿದರೆ ನಿಮ್ಮ ಸ್ಟ್ರೈಕರ್‌ನ ಶಾಟ್‌ಗೇ ಕೊರತೆ ಬೀಳುತ್ತದೆ. ಕೀಪರ್‌ಗೆ ಕೆಪಿ ಎಂಬ ಅಳತೆ ಇದೆ. ಪ್ರತಿ ಶಾಟ್ ಅದನ್ನು ಕೊರೆಯುತ್ತಾ ಹೋಗುತ್ತದೆ, ಅದು ಮುಗಿದಾಗ ಗೋಲ್. ಡಿಎಸ್‌ನಲ್ಲಿ ಕೀಪರ್‌ನ ಟಿಪಿ ಕರಗಿಸುವ ಉಪಾಯ ಕಲಿತಿದ್ದರೆ ಇಲ್ಲಿಯೂ ಅದೇ ಅಭ್ಯಾಸ ಕೈಹಿಡಿಯುತ್ತದೆ. ಸಣ್ಣ ಶಾಟ್‌ಗಳಿಂದ ಕೆಪಿ ತಗ್ಗಿಸಿ, ಟೆನ್ಶನ್ ತುಂಬಿದಾಗ ದೊಡ್ಡದನ್ನು ಹೊಡೆಯಿರಿ. ಎಲಿಮೆಂಟ್ ಚಕ್ರ ಮಾತ್ರ ಹಳೆಯದೇ, ಹೊಸದಾಗಿ ಕಲಿಯಬೇಕಿಲ್ಲ.

ಇವತ್ತೇ ಮೊದಲ ಆಟ ಶುರುಮಾಡುವವರಿದ್ದರೆ ತೇಕೋಕು ಜೊತೆಗಿನ ಆ ಮೊದಲ ಪಂದ್ಯವನ್ನು ಅನಿಮೆಯಲ್ಲಿ ಒಮ್ಮೆ ನೋಡಿ ಆಮೇಲೆ ಆಡಿ. ಅಂಕ 20-0 ಆಗಿರುವಾಗ ಗೋಎಂಜಿ ಮೈದಾನಕ್ಕೆ ಇಳಿಯುತ್ತಾನೆ. ಎದುರಾಳಿ ಡೆತ್ ಝೋನ್ ಎಂಬ ಶಾಟ್ ಹೊಡೆದಾಗ ಅವನು ಹಿಂದಕ್ಕೆ ತಿರುಗಿಯೂ ನೋಡದೆ ಎದುರು ಗೋಲಿನ ಕಡೆ ಓಡುತ್ತಿರುತ್ತಾನೆ. ಎಂಡೋ ಹಿಡಿದೇ ಹಿಡಿಯುತ್ತಾನೆ ಎಂಬ ನಂಬಿಕೆ ಅವನಿಗೆ. ಗಾಡ್ ಹ್ಯಾಂಡ್ ಮೊದಲ ಸಲ ಮೂಡುತ್ತದೆ, ಚೆಂಡು ನೇರ ಮುಂದಕ್ಕೆ ಹೋಗುತ್ತದೆ, ಎಡಗಾಲಿನ ಫೈರ್ ಟೊರ್ನಾಡೋ ಅದನ್ನು ಬಲೆಗೆ ಸೇರಿಸುತ್ತದೆ. ಆಟದಲ್ಲಿಯೂ ಹಾಗೇ ಮಾಡಿ. ಎಂಡೋ ಕ್ಯಾಚ್ ಹಿಡಿಯುವ ಮುಂಚೆಯೇ ಗೋಎಂಜಿಗೆ ಮುಂದಕ್ಕೆ ಓಡುವ ಗೆರೆ ಎಳೆದಿಡಿ. ಎದುರಾಳಿ ಡಿಫೆಂಡರ್‌ಗಳು ಹಿಂದಿರುಗುವಷ್ಟರಲ್ಲಿ ಅವನ ಮುಂದೆ ಕೀಪರ್ ಒಬ್ಬನೇ ಇರುತ್ತಾನೆ, ಗೋಎಂಜಿಯ ಟಿಪಿಯೂ ಪೂರ್ತಿ ಉಳಿದಿರುತ್ತದೆ.